ಆಣೆಗೆ ಒತ್ತೆ ಇಟ್ಟದ್ದು ಯಾರನ್ನು? ಡ್ವಾರ್ಫ್‌ಗಳ ಮಾತು ಕಾಯುವ ದೇವರನ್ನು ಅರ್ಥ ಮಾಡಿಕೊಳ್ಳೋಣ

ಗುಡುಗಿನ ದೇವರು ಏನು ಮಾಡುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಗುಡುಗುತ್ತಾನೆ. ಮಳೆಯ ದೇವರು, ಯುದ್ಧದ ದೇವರು, ಸಾವಿನ ದೇವರು, ಇವರೆಲ್ಲರ ಕೆಲಸ ಕಣ್ಣಿಗೆ ಕಾಣುತ್ತದೆ. ಆದರೆ ಫ್ಯಾಂಟಸಿ ಆಟಗಳಲ್ಲಿ ಡ್ವಾರ್ಫ್ (ಬೆಟ್ಟದೊಳಗೆ ಬದುಕುವ ಗಿಡ್ಡ ಜನ) ಪಾತ್ರ ಆರಿಸಿಕೊಂಡು ದೇವರ ಪಟ್ಟಿ ತೆರೆದರೆ, ಹೆಸರಿನ ಮುಂದೆ 'ಹೊಣೆ, ಮರ್ಯಾದೆ, ಕೊಟ್ಟ ಮಾತು' ಎಂದಿರುವ ಕೋಲ್ಸ್ ಎಂಬ ದೇವರೊಬ್ಬ ಸಿಗುತ್ತಾನೆ. ಬಳ್ಳಾರಿಯಲ್ಲಿ ನಾವು ಗೆಳೆಯರು ಸೇರಿ ಆಡುವಾಗ ಹೊಸಬರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: ಈತ ಮಾಡುವುದಾದರೂ ಏನು? ಮಾತು ತಪ್ಪಿದವರನ್ನು ಹಿಡಿದು ಬಡಿಯುತ್ತಾನಾ?

ಬಡಿಯುತ್ತಾನೆ, ನಿಜ. ಆದರೆ ಅದು ಅವನ ಕೆಲಸದಲ್ಲಿ ತೀರಾ ಸಣ್ಣ ಭಾಗ. ಡ್ವಾರ್ಫ್ ದೇವರುಗಳಲ್ಲಿ ನನಗೆ ಬಹಳ ಇಷ್ಟವಾದವನು ಈತ. ಈತನನ್ನು ಬರೀ ಗಡ್ಡದ ಪೊಲೀಸ್ ಮಾಡಿಬಿಟ್ಟರೆ ನನಗೆ ನೋವಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಈ ಆಟಗಳ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಬಂತು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಹೊಡೆದಾಡುತ್ತಾರೆ, ಊರೂರು ಸುತ್ತುತ್ತಾರೆ. ಅನುಮಾನ ಬಂದ ಕಡೆ ದಾಳ ಹಾಕುತ್ತಾರೆ. ಅದೇ ಜಾಡಿನಲ್ಲಿ 2009ರಲ್ಲಿ 'ಪಾತ್‌ಫೈಂಡರ್' ಎಂಬ ಇನ್ನೊಂದು ಆಟ ಬಂತು. ಎರಡರಲ್ಲೂ ಡ್ವಾರ್ಫ್‌ಗಳಿದ್ದಾರೆ. ಗಿಡ್ಡ ಮೈ, ಗಟ್ಟಿ ಎಲುಬು, ಉದ್ದ ಗಡ್ಡ. ಬೆಟ್ಟದ ಹೊಟ್ಟೆಯೊಳಗೆ ಊರು ಕಟ್ಟಿ ಅದಿರು ಅಗೆಯುವ, ಕಬ್ಬಿಣ ಬಡಿಯುವ ಜನ. ಆಯುಷ್ಯ ಸುಮಾರು 350 ವರ್ಷ. ಈ ಆಯುಷ್ಯದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಾತ್‌ಫೈಂಡರ್‌ನ ಲೋಕದ ಹೆಸರು ಗೊಲೇರಿಯನ್. ಅಲ್ಲಿ ಡ್ವಾರ್ಫ್‌ಗಳ ಹಿರಿಯ ದೇವರು ಟೋರಾಗ್. ಕುಲುಮೆ, ರಕ್ಷಣೆ, ಯುದ್ಧದ ಲೆಕ್ಕಾಚಾರ ಅವನವು. ಅವನ ಸುತ್ತ ಇನ್ನೂ ಕೆಲವು ದೇವರುಗಳಿದ್ದಾರೆ. ಗೆಳೆತನ, ನಿಷ್ಠೆಗೆ ಗ್ರುಂಡಿನ್ನರ್. ಸಾಲ, ಸೇಡು, ನೋವಿಗೆ ಡ್ರಾಂಗ್ವಿಟ್. ಹೊಣೆ, ಮರ್ಯಾದೆ, ಮಾತಿಗೆ ಕೋಲ್ಸ್. ಆಣೆ ಕಾಯುವವನು ಎಂಬುದೇ ಈ ಕೋಲ್ಸನ ಬಿರುದು. ನಮ್ಮ ಇಡೀ ಮಾತುಕತೆಯ ನಾಯಕ ಅವನೇ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇದೇ ಕೆಲಸ ಒಬ್ಬರ ಕೈಯಲ್ಲಿಲ್ಲ. ಅಲ್ಲಿ ಹಿರಿಯ ದೇವರು ಮೊರಾಡಿನ್, 1980ರಲ್ಲಿ ಕಾಣಿಸಿಕೊಂಡವನು. 1982ರಲ್ಲಿ ಅವನ ಹೆಂಡತಿ ಬೆರೊನಾರ್ ಬಂದಳು. ಮನೆ, ಮದುವೆ, ಸತ್ಯ, ನಂಬಿಕೆ ಅವಳ ಪಾಲು. ಒಂದರೊಳಗೊಂದು ಸೇರಿಕೊಂಡ ಎರಡು ಬೆಳ್ಳಿ ಉಂಗುರಗಳು ಅವಳ ಗುರುತು. 1990ರಲ್ಲಿ ಗಾರ್ಮ್ ಗುಲ್ತಿನ್ ಬಂದ. ಅವನು ಕಾವಲಿನ ದೇವರು. ಕಣ್ಣಿನ ಜಾಗದಲ್ಲಿ ಬೆಂಕಿ ಉರಿಯುವ ಕಂಚಿನ ಮುಖವಾಡ ಅವನ ಗುರುತು. ಅಂದರೆ ಈ ಆಟದಲ್ಲಿ ಆಣೆ ಬೆರೊನಾರಳ ಕಡೆ, ಹೊಣೆ ಗಾರ್ಮನ ಕಡೆ. ಪಾತ್‌ಫೈಂಡರ್ ಎರಡನ್ನೂ ಕೋಲ್ಸನ ಒಬ್ಬನ ಹೆಗಲಿಗೆ ಹಾಕಿದೆ. ಯಾಕೆ ಹೀಗೆ ಒಟ್ಟಿಗೆ ಕಟ್ಟಬಹುದು, ಎಲ್ಲಿ ಆ ಗಂಟು ಬಿಚ್ಚಿಕೊಳ್ಳುತ್ತದೆ ಅನ್ನುವುದು ತಿಳಿದರೆ ಈ ದೇವರು ಅರ್ಧ ಅರ್ಥವಾದ ಹಾಗೆ.

ನೆಲದ ಕೆಳಗೆ ಮಾತಿನ ಬೆಲೆ

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಗೆ ಹೋದರೆ ಸಾಕು. ಅಲ್ಲಿ ಚಿನ್ನಕ್ಕಾಗಿ ನೆಲ ಅಗೆಯುವುದು ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ನಡೆದಿತ್ತು. ಯಂತ್ರ ಇಲ್ಲ, ಸಿಡಿಮದ್ದು ಇಲ್ಲ, ಕರೆಂಟ್ ಇಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು, ನೀರು ಹೊಯ್ದು ಬಿರುಕು ಬಿಡಿಸುವುದು, ಆ ಬಿರುಕಿನಲ್ಲಿ ಉಳಿ ಇಟ್ಟು ಒಡೆಯುವುದು. ಹೀಗೆ ಮಾಡಿಕೊಂಡೇ ಆ ಕಾಲದವರು ಸುಮಾರು 640 ಅಡಿ ಆಳದವರೆಗೆ ಇಳಿದಿದ್ದರು. ಈಗಿನ ಗಣಿ ಅದಕ್ಕಿಂತ ಎಷ್ಟೋ ಆಳಕ್ಕೆ ಹೋಗಿದೆ.

ಗಣಿಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಮಾತಾಡಿಸಿ ನೋಡಿ. ಕೆಳಗೆ ಹೋದವನ ಜೀವ ಪೂರ್ತಿ ಬೇರೆಯವರ ಕೈಯಲ್ಲಿರುತ್ತದೆ. ಕೇಜ್ (ಜನರನ್ನು ಇಳಿಸುವ ಪಂಜರ) ಇಳಿಸುವ ಯಂತ್ರದ ಮುಂದೆ ಕೂತವನಿಗೆ ಕೇಜ್ ಕಾಣುವುದಿಲ್ಲ. ಗಂಟೆಯ ಸದ್ದು ಕೇಳಿ ಎಳೆಯುತ್ತಾನೆ, ನಿಲ್ಲಿಸುತ್ತಾನೆ. ಗಂಟೆ ತಪ್ಪು ಹೊಡೆದರೆ ಮುಗೀತು. ಮದ್ದು ಸಿಡಿಸುವ ಮುಂಚೆ ಎಲ್ಲರೂ ದೂರ ಹೋಗಿದ್ದಾರೆ ಅಂತ ಒಬ್ಬ ಹೇಳಬೇಕು. ಅವನು ನೋಡದೆ ಸುಮ್ನೆ ಹೂಂ ಅಂದರೆ ಇನ್ನೊಂದು ಸುರಂಗದಲ್ಲಿದ್ದವನು ಸಾಯುತ್ತಾನೆ. ಶಿಫ್ಟ್ ಮುಗಿದಾಗ ಇಳಿದವರ ಲೆಕ್ಕಕ್ಕೂ ಹತ್ತಿದವರ ಲೆಕ್ಕಕ್ಕೂ ತಾಳೆ ಬೀಳಬೇಕು. ಒಂದು ತಲೆ ಕಡಿಮೆ ಬಂದರೂ ಹುಡುಕಲೇಬೇಕು.

ಈಗ ಒಂದು ಇಡೀ ಜನಾಂಗ ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಸಾಯುತ್ತದೆ ಅಂದುಕೊಳ್ಳಿ. ಚಾವಣಿಗೆ ಆಸರೆ ಕೊಟ್ಟವನು ಯಾರೋ. ಅದರ ಕೆಳಗೆ ಮಲಗುವ ಮಗು ಯಾರದ್ದೋ. ಗಾಳಿ ಬರುವ ಕಿಂಡಿ ಕಾಯುವವನು ಒಬ್ಬ. ಆ ಗಾಳಿ ಉಸಿರಾಡುವವರು ಸಾವಿರ ಜನ. ಇಂಥ ಕಡೆ 'ನಾನು ನೋಡಿಕೊಳ್ಳುತ್ತೇನೆ' ಅನ್ನುವ ಮಾತಿಗೂ ಕಲ್ಲಿನ ಕಂಬಕ್ಕೂ ವ್ಯತ್ಯಾಸ ಇಲ್ಲ. ಎರಡೂ ಚಾವಣಿ ಹೊರುತ್ತವೆ. ಹಾಗಾಗಿಯೇ ಅಲ್ಲಿ ಹೊಣೆ ಮತ್ತು ಆಣೆ ಬೇರೆ ಬೇರೆ ದೇವರುಗಳಾಗಿ ನಿಲ್ಲುವುದು ಕಷ್ಟ. ಕಿಂಡಿ ಕಾಯುವ ಕೆಲಸ ಹಿಡಿಯುವುದೇ ಒಂದು ಆಣೆ. ಬಾಯಿಬಿಟ್ಟು ಹೇಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮಾತು ತಪ್ಪಿದ ಡ್ವಾರ್ಫ್ ಮೇಲೆ ಅವನ ಊರಿಗೆ ಯಾಕೆ ಅಷ್ಟು ಸಿಟ್ಟು ಅಂತ ಹೊಸ ಆಟಗಾರರು ಕೇಳುತ್ತಾರೆ. ಬಯಲಿನಲ್ಲಿ ಬದುಕುವವರಿಗೆ ಅದು ಅತಿ ಅನಿಸುತ್ತದೆ. ಬಯಲಿನಲ್ಲಿ ಒಬ್ಬ ಕೈಕೊಟ್ಟರೆ ಇನ್ನೊಂದು ದಾರಿ ಹಿಡಿಯಬಹುದು. ಸುರಂಗಕ್ಕೆ ಇರುವುದು ಒಂದೇ ದಾರಿ.

ಅನ್ನದ ಹೊಣೆ, ನಾಲಿಗೆಯ ಹೊಣೆ

ಹೊಣೆ ಮತ್ತು ಆಣೆ ಒಟ್ಟಿಗೆ ಇರುತ್ತವೆ ಅಂದೆ. ಆದರೂ ಅವು ಒಂದೇ ಅಲ್ಲ. ಈ ಫರಕು ನಮ್ಮ ಹಳೆಯ ಕನ್ನಡದವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಜೋಳವಾಳಿ, ವೇಳೆವಾಳಿ ಎಂದು ಎರಡನ್ನು ಎಣಿಸುತ್ತಿದ್ದರು. ಒಡೆಯನ ಜೋಳ ಉಂಡದ್ದಕ್ಕೆ ಅವನಿಗಾಗಿ ಹೋರಾಡುವುದು ಜೋಳವಾಳಿ. ಅದು ಉಂಡ ಅನ್ನದಿಂದ ತಾನಾಗಿ ಬರುವ ಹೊಣೆ. ಸಮಯ ಬಂದಾಗ ಪ್ರಾಣ ಕೊಡುತ್ತೇನೆ ಎಂದು ಮೊದಲೇ ಬಾಯಿಬಿಟ್ಟು ಮಾತು ಕೊಟ್ಟಿದ್ದರೆ ಅದು ವೇಳೆವಾಳಿ. ಲೆಂಕರು, ಗರುಡರು ಎಂದು ಕರೆಸಿಕೊಂಡವರು ಒಡೆಯ ಸತ್ತಾಗ ತಾವೂ ಸತ್ತರು. ಹೊಯ್ಸಳ ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಹಾಗೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಶಾಸನ ಹೇಳುತ್ತದೆ. ಅವನ ಹೆಂಡತಿ, ಅವನ ಕಡೆಯ ವೀರರು ಕೂಡ ಜೊತೆಗೆ ಹೋದರು.

ಕೋಲ್ಸನ ಮುಂದೆ ಈ ಎರಡನ್ನೂ ಇಟ್ಟು ನೋಡಿ. ಜೋಳದ ಹೊಣೆ ಕೇಳದೇ ಬರುತ್ತದೆ. ಹುಟ್ಟಿದ ಮನೆ, ಉಂಡ ತಾಟು, ಕಲಿಸಿದ ಗುರು ಇವರಿಂದ ಬರುತ್ತದೆ. ಅದಕ್ಕೆ ಕೊನೆ ಇಲ್ಲ, ಆದರೆ ಅದು ಮೆತ್ತಗಿರುತ್ತದೆ. ಇವತ್ತು ಆಗದಿದ್ದರೆ ನಾಳೆ ತೀರಿಸಬಹುದು. ನಾಲಿಗೆಯಿಂದ ಬಂದ ಹೊಣೆ ಹಾಗಲ್ಲ. ಅದನ್ನು ನಾವೇ ತಂದುಕೊಂಡದ್ದು. ಅದಕ್ಕೆ ಗಡುವಿದೆ, ಅಂಚಿದೆ, ಸಾಕ್ಷಿ ಇದೆ. ಅದು ಕಲ್ಲಿನ ಹಾಗೆ ಗಟ್ಟಿ. ಕಥೆಗಳಲ್ಲಿ ಎಲ್ಲ ಜಗಳ ಹುಟ್ಟುವುದು ಮೆತ್ತಗಿನ ಹೊಣೆಗೆ ಗಟ್ಟಿ ಆಣೆ ಬಂದು ಡಿಕ್ಕಿ ಹೊಡೆದಾಗ. ಗೇಟು ಬಿಟ್ಟು ಕದಲುವುದಿಲ್ಲ ಎಂದು ಆಣೆ ಮಾಡಿದ ಕಾವಲುಗಾರ. ಹಿಂದೆ ಬೀದಿಯಲ್ಲಿ ಮಕ್ಕಳು ಕೂಗುವ ಸದ್ದು. ಈಗ ಅವನು ಏನು ಮಾಡಬೇಕು?

ಗೇಮ್ ಮಾಸ್ಟರ್‌ಗಳಲ್ಲಿ (ಕಥೆ ನಡೆಸುವವರಲ್ಲಿ) ಜಾಸ್ತಿ ಜನ ಇಲ್ಲಿ ಆಟಗಾರನನ್ನು ಸಿಕ್ಕಿಹಾಕಿಸಿ ಖುಷಿಪಡುತ್ತಾರೆ. ಗೇಟು ಬಿಟ್ಟರೆ ದೇವರ ಶಕ್ತಿ ಹೋಯ್ತು, ಬಿಡದಿದ್ದರೆ ಮಕ್ಕಳು ಹೋದರು. ನನಗೆ ಇದು ಸರಿ ಕಾಣುವುದಿಲ್ಲ. ಸಾವಿರಾರು ವರ್ಷ ಆಣೆಗಳನ್ನೇ ನೋಡುತ್ತ ಕೂತ ದೇವರು ಇಷ್ಟು ದಡ್ಡನಾಗಿರಲು ಸಾಧ್ಯವೇ? ಗೇಟು ಕಾಯುವ ಆಣೆ ಹುಟ್ಟಿದ್ದೇ ಒಳಗಿನ ಮಕ್ಕಳಿಗಾಗಿ. ಆಣೆ ಯಾರ ಸಲುವಾಗಿ ಹುಟ್ಟಿತೋ ಅವರನ್ನೇ ಬಲಿ ಕೊಟ್ಟು ಆಣೆ ಉಳಿಸಿದರೆ ಉಳಿದದ್ದು ಬರೀ ಸದ್ದು.

ಇನ್ನು ಆ 350 ವರ್ಷದ ಆಯುಷ್ಯ. ಮನುಷ್ಯರ ಆಣೆ ಹೆಚ್ಚೆಂದರೆ ಅರವತ್ತು, ಎಪ್ಪತ್ತು ವರ್ಷ ಹೊರಬೇಕಾದ ಭಾರ. ಡ್ವಾರ್ಫ್‌ಗೆ ಹಾಗಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ದಿನ ಒಬ್ಬ ಹರೆಯದ ಡ್ವಾರ್ಫ್ ಆ ಕೋಟೆಯ ಬಾಗಿಲು ಕಾಯುತ್ತೇನೆ ಎಂದು ಮಾತು ಕೊಟ್ಟ ಅನ್ನಿ. 1565ರಲ್ಲಿ ವಿಜಯನಗರ ಬೀಳುತ್ತದೆ. ಅವನು ಇನ್ನೂ ತರುಣ. ಬಿಜಾಪುರದವರು ಹೋಗುತ್ತಾರೆ, ಮೊಘಲರು ಬರುತ್ತಾರೆ, ನಿಜಾಮರು ಬರುತ್ತಾರೆ. 1800ರಲ್ಲಿ ಬಳ್ಳಾರಿ ಕಂಪನಿ ಸರ್ಕಾರದ ಕೈಗೆ ಹೋಗುತ್ತದೆ. ಅವನು ಗಡ್ಡ ನರೆತು ಇನ್ನೂ ಅಲ್ಲೇ ನಿಂತಿರುತ್ತಾನೆ. ಮಾತು ತೆಗೆದುಕೊಂಡವರು ಇಲ್ಲ, ಅವರ ರಾಜ್ಯ ಇಲ್ಲ, ಬಾಗಿಲಿಗೆ ಶತ್ರು ಯಾರು ಅನ್ನುವುದೇ ಬದಲಾಗಿದೆ. ಆಣೆ ಮಾತ್ರ ಇದೆ. ಹಾಗಾಗಿ ಡ್ವಾರ್ಫ್‌ಗಳ ದೇವರಿಗೆ ಆಣೆ ಕಾಯುವುದರ ಜೊತೆಗೆ ಇನ್ನೊಂದು ಕೆಲಸ ಇರಲೇಬೇಕು. ಆಣೆಯನ್ನು ಬಿಡಿಸುವ ಕೆಲಸ. ಈ ಭಾಗವನ್ನು ಆಟದಲ್ಲಿ ಬಹಳ ಜನ ಮರೆಯುತ್ತಾರೆ.

ಕೈ ಕೊಟ್ಟವನು, ತಲೆ ಉಳಿಸಿಕೊಂಡವನು

ಫ್ಯಾಂಟಸಿಯ ಡ್ವಾರ್ಫ್‌ಗಳು ಬಂದದ್ದು ಉತ್ತರ ಯುರೋಪಿನ ನಾರ್ಸ್ ಪುರಾಣಗಳಿಂದ. ಅಲ್ಲಿ ಆಣೆಯ ಎರಡು ಕಥೆಗಳಲ್ಲಿ ಡ್ವಾರ್ಫ್‌ಗಳ ಕೈವಾಡ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಮೊದಲನೆಯದು ಫೆನ್ರಿರ್ ಎಂಬ ತೋಳದ್ದು. ಅದು ದಿನದಿನಕ್ಕೆ ಬೆಳೆಯುತ್ತಿತ್ತು. ದೇವರುಗಳು ಹೆದರಿದರು. ಕಬ್ಬಿಣದ ಸರಪಳಿಗಳನ್ನು ಅದು ಹರಿದು ಬಿಸಾಕಿತು. ಆಗ ಡ್ವಾರ್ಫ್‌ಗಳು ಗ್ಲೀಪ್ನಿರ್ ಎಂಬ ರೇಷ್ಮೆಯಂಥ ಪಟ್ಟಿ ಮಾಡಿಕೊಟ್ಟರು. ಬೆಕ್ಕಿನ ಹೆಜ್ಜೆ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಸೇರಿಸಿ ಮಾಡಿದ್ದು. ತೋಳಕ್ಕೆ ಅನುಮಾನ. 'ಬಿಡಿಸಿಕೊಳ್ಳಲು ಆಗದಿದ್ದರೆ ನೀವೇ ಬಿಚ್ಚುತ್ತೀರಿ ಅನ್ನುವುದಕ್ಕೆ ಒತ್ತೆ ಕೊಡಿ. ಒಬ್ಬರು ನನ್ನ ಬಾಯಲ್ಲಿ ಕೈ ಇಡಿ' ಅಂದಿತು. ಎಲ್ಲರೂ ಮುಖ ನೋಡಿಕೊಂಡರು. ಟೂರ್ ಎಂಬ ದೇವರು ಮುಂದೆ ಬಂದು ಬಲಗೈ ಇಟ್ಟ. ತೋಳ ಕಟ್ಟಿಗೆ ಸಿಕ್ಕಿತು. ದೇವರುಗಳು ಬಿಚ್ಚಲಿಲ್ಲ. ಟೂರನ ಕೈ ಹೋಯಿತು.

ಎರಡನೆಯದು ಲೋಕಿ ಎಂಬ ಕುತಂತ್ರಿ ದೇವರದ್ದು. ಬ್ರೋಕ್ ಮತ್ತು ಸಿಂಡ್ರಿ ಎಂಬ ಡ್ವಾರ್ಫ್ ಅಣ್ಣತಮ್ಮಂದಿರ ಜೊತೆ ಅವನು ತನ್ನ ತಲೆಯನ್ನೇ ಪಂದ್ಯ ಕಟ್ಟಿದ. ಅವರು ಗುಡುಗಿನ ದೇವರು ಥೋರನ ಸುತ್ತಿಗೆ ಮಾಡಿ ಪಂದ್ಯ ಗೆದ್ದರು. ಬ್ರೋಕ್ ತಲೆ ಕೇಳಲು ಬಂದಾಗ ಲೋಕಿ 'ತಲೆ ನಿನ್ನದು, ಕುತ್ತಿಗೆ ನಿನ್ನದಲ್ಲ' ಅಂದುಬಿಟ್ಟ. ಕುತ್ತಿಗೆ ಮುಟ್ಟದೆ ತಲೆ ತೆಗೆಯುವುದು ಹೇಗೆ? ಬ್ರೋಕ್ ಬೇರೆ ದಾರಿ ಕಾಣದೆ ಅವನ ತುಟಿ ಹೊಲಿದ.

ಮೊದಲ ಕಥೆಯಲ್ಲಿ ದೇವರುಗಳ ಮಾತು ಸುಳ್ಳು. ಟೂರನಿಗೂ ಅದು ಗೊತ್ತು. ಆದರೂ ಅವನು ಒತ್ತೆ ಇಟ್ಟದ್ದು ತನ್ನ ಕೈಯನ್ನೇ. ಬೆಲೆ ಕಟ್ಟಿದ್ದೂ ಅವನೇ. ಎರಡನೆಯ ಕಥೆಯಲ್ಲಿ ಲೋಕಿ ಅಕ್ಷರಕ್ಕೆ ಅಕ್ಷರ ಮಾತು ಉಳಿಸಿಕೊಂಡ, ಬೆಲೆ ಕಟ್ಟಲಿಲ್ಲ. ಆಣೆ ಉಳಿಯಿತೇ, ಮುರಿಯಿತೇ ಅಂತ ಮಾತ್ರ ಕೇಳಿದರೆ ಇಲ್ಲಿ ಲೋಕಿಯೇ ಗೆಲ್ಲುತ್ತಾನೆ. ಒತ್ತೆ ಇಟ್ಟದ್ದು ಏನು, ಅದು ಯಾರದ್ದು, ಕೊನೆಗೆ ಬೆಲೆ ಕಟ್ಟಿದವರು ಯಾರು ಅಂತ ಕೇಳಿದರೆ ಉತ್ತರ ತಿರುಗಿ ಬೀಳುತ್ತದೆ. ಕೋಲ್ಸನಂಥ ದೇವರನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಕೀಲಿಕೈ ಈ ಎರಡನೇ ಬಗೆಯ ಪ್ರಶ್ನೆ.

ನಮ್ಮಲ್ಲೂ ಆಣೆಯ ದೇವರಿದ್ದ. ಹೆಸರು ವರುಣ. ಈಗ ಅವನನ್ನು ಮಳೆಗೆ, ಕಡಲಿಗೆ ಸೀಮಿತ ಮಾಡಿಬಿಟ್ಟಿದ್ದೇವೆ. ವೇದದ ಕಾಲದಲ್ಲಿ ಅವನು ಋತ, ಅಂದರೆ ಲೋಕದ ನಿಯಮ, ಕಾಯುವವನು. ಸುಳ್ಳಾಡಿದವರನ್ನು ಪಾಶದಿಂದ ಕಟ್ಟುವವನು. ಮಿತ್ರ ಅವನ ಜೊತೆಗಾರ, ಒಪ್ಪಂದಗಳ ದೇವರು. ಕ್ರಿಸ್ತಪೂರ್ವ 14ನೇ ಶತಮಾನದಲ್ಲಿ, ಈಗಿನ ಸಿರಿಯಾ, ಟರ್ಕಿಯ ಕಡೆ, ಮಿತನ್ನಿ ಮತ್ತು ಹಿಟ್ಟೈಟ್ ರಾಜರು ಮಾಡಿಕೊಂಡ ಒಪ್ಪಂದಕ್ಕೆ ಸಾಕ್ಷಿಯಾಗಿ ಕರೆದ ದೇವರುಗಳಲ್ಲಿ ಮಿತ್ರ, ವರುಣರ ಹೆಸರೂ ಇವೆ.

ಈ ವರುಣನ ಕಥೆಯೊಂದಿದೆ. ನಮಗೆ ಗೊತ್ತಿರುವ ಸುಡುಗಾಡು ಕಾಯ್ದ ಹರಿಶ್ಚಂದ್ರನ ಕಥೆ ಬೇರೆ, ವೇದಕಾಲದ ಈ ಹರಿಶ್ಚಂದ್ರನ ಕಥೆ ಬೇರೆ. ಇವನಿಗೆ ಮಕ್ಕಳಿರಲಿಲ್ಲ. ಮಗ ಹುಟ್ಟಿದರೆ ಅವನನ್ನೇ ನಿನಗೆ ಬಲಿ ಕೊಡುತ್ತೇನೆ ಎಂದು ವರುಣನಿಗೆ ಮಾತು ಕೊಟ್ಟ. ರೋಹಿತ ಹುಟ್ಟಿದ. ಅಪ್ಪ ಒಂದೊಂದು ನೆಪ ಹೇಳಿ ದಿನ ತಳ್ಳಿದ. ಹಲ್ಲು ಬರಲಿ, ಹಲ್ಲು ಬೀಳಲಿ, ಬಿಲ್ಲು ಹಿಡಿಯುವಂತಾಗಲಿ ಅಂತ. ಕೊನೆಗೆ ವಿಷಯ ತಿಳಿದು ಮಗ ಕಾಡಿಗೆ ಓಡಿದ. ಅಪ್ಪನಿಗೆ ಹೊಟ್ಟೆ ಊದುವ ರೋಗ ಬಂತು. ರೋಹಿತ ಕಾಡಿನಲ್ಲಿ ಹಸಿದ ಒಬ್ಬ ಬಡವನಿಂದ ನೂರು ಹಸು ಕೊಟ್ಟು ಅವನ ನಡುವಿನ ಮಗ ಶುನಃಶೇಪನನ್ನು ಕೊಂಡು ತಂದ, ತನ್ನ ಬದಲಿಗೆ. ಆ ತಂದೆ ಇನ್ನೂ ನೂರು ಹಸುವಿಗೆ ಮಗನನ್ನು ಕಂಬಕ್ಕೆ ಕಟ್ಟಿದ. ಮತ್ತೂ ನೂರಕ್ಕೆ ತಾನೇ ಕತ್ತಿ ಹಿಡಿದ.

ಕಂಬಕ್ಕೆ ಕಟ್ಟಿದ ಹುಡುಗ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಕರೆದ. ಉಷೆಯನ್ನು ಹೊಗಳುತ್ತಾ ಒಂದೊಂದು ಋಕ್ಕು ಹೇಳಿದ ಹಾಗೆ ವರುಣನ ಹಗ್ಗ ಒಂದೊಂದು ಎಳೆ ಸಡಿಲವಾಯಿತು. ಹರಿಶ್ಚಂದ್ರನ ಹೊಟ್ಟೆಯೂ ಇಳಿಯಿತು. ಹುಡುಗ ಬದುಕಿದ.

ಈ ಕಥೆಯಲ್ಲಿ ಮಾತು ಕೊಟ್ಟವನು ಒಬ್ಬ. ಸಾಯಬೇಕಾದವನು ಇನ್ನೊಬ್ಬ. ಆ ಇನ್ನೊಬ್ಬನ ಬದಲಿಗೆ ಕಂಬಕ್ಕೆ ಬಂದವನು ಮೂರನೆಯವನು, ಅವನ ಹತ್ತಿರ ಹಸು ಇಲ್ಲ ಅನ್ನುವುದೊಂದೇ ಕಾರಣ. ಇಷ್ಟಾದ ಮೇಲೆ ಆಣೆಯ ದೇವರ ಹಗ್ಗವೇ ಬಿಚ್ಚಿಕೊಂಡಿತು. ಮಾತು ಪೂರ್ತಿ ನಡೆಯಲಿಲ್ಲ, ಆದರೂ ರೋಗ ವಾಸಿಯಾಯಿತು. ಆಣೆ ಬಿಡಿಸುವ ದೇವರು ಹೇಗಿರಬಹುದು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಕಂಪಿಲರಾಯನ ಮಾತು

ನಮ್ಮದೇ ಮಣ್ಣಿನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ತರಲೇಬೇಕು. ಗಂಗಾವತಿ ಕಡೆಯ ಕುಮ್ಮಟದುರ್ಗ, ತುಂಗಭದ್ರೆಯ ಈಚೆ ದಡದ ಕಂಪ್ಲಿ. ಕುಮಾರರಾಮನ ಹೆಸರು ಗೊತ್ತಿಲ್ಲದವರು ಈ ಕಡೆ ಕಡಿಮೆ. ಅವನ ತಂದೆ ಕಂಪಿಲರಾಯ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ಕಂಪಿಲನ ಬಳಿ ಬಂದು ಆಸರೆ ಕೇಳಿದ. ಕಂಪಿಲ ಕೊಟ್ಟ. ದೆಹಲಿಯ ಸೈನ್ಯ ಬಂತು. ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೋ ಏನೋ. ಒಪ್ಪಿಸಲಿಲ್ಲ. ಕೋಟೆ ಉಳಿಯುವುದಿಲ್ಲ ಎಂದು ಖಚಿತವಾದಾಗ ಮೊದಲು ಅತಿಥಿಯನ್ನು ಹೊಯ್ಸಳ ಮೂರನೇ ಬಲ್ಲಾಳನ ಬಳಿಗೆ ಸಾಗಹಾಕಿದ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಕಂಪಿಲ ಹೋರಾಡಿ ಸತ್ತ. ಇದು 1327ರ ಹೊತ್ತಿನ ಮಾತು. ಆಮೇಲೆ ಬಲ್ಲಾಳ ಗುರ್ಷಾಸ್ಪನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ.

ಇಬ್ಬರು ರಾಜರು, ಒಬ್ಬನೇ ಅತಿಥಿ. ಕೋಲ್ಸ್ ಯಾರ ಕಡೆ?

ಕಂಪಿಲನನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಅದರಲ್ಲಿ ಅನುಮಾನ ಇಲ್ಲ. ತನ್ನ ಧರ್ಮದವನಲ್ಲದ, ತನಗೆ ಏನೂ ಆಗಬೇಕಿಲ್ಲದ ಒಬ್ಬನಿಗೆ ಕೊಟ್ಟ ಮಾತಿಗೆ ಅವನು ಜೀವ ಕೊಟ್ಟ. ಆದರೆ ಅವನೊಬ್ಬನ ಜೀವ ಮಾತ್ರ ಹೋಗಲಿಲ್ಲವಲ್ಲ. ಬೆಂಕಿಗೆ ಬಿದ್ದವರು, ಕೋಟೆಯ ಒಳಗೆ ಹಸಿದವರು, ಹೊರಗೆ ಸುಟ್ಟ ಊರುಗಳವರು, ಇವರನ್ನು ಯಾರಾದರೂ ಕೇಳಿದ್ದರೇ? ರಾಜನ ನಾಲಿಗೆಗೆ ಊರೇ ಒತ್ತೆ. ಬಲ್ಲಾಳನನ್ನು ಹೇಡಿ ಅನ್ನುವುದು ಸುಲಭ. ಅವನ ಊರಿನ ತಾಯಂದಿರು ಹಾಗೆ ಅಂದಿರಲಿಕ್ಕಿಲ್ಲ.

ನನ್ನ ತೀರ್ಮಾನ ಇದು. ಕೋಲ್ಸ್ ಕಂಪಿಲನ ಕಡೆ ನಿಲ್ಲುತ್ತಾನೆ. ಆದರೆ ಬೆಂಕಿಗೆ ಬಿದ್ದ ಒಬ್ಬೊಬ್ಬ ಹೆಂಗಸಿನ ಹೆಸರನ್ನೂ ಅವನ ಲೆಕ್ಕದಲ್ಲೇ ಬರೆಯುತ್ತಾನೆ. ಮಾತು ಉಳಿಸಿಕೊಂಡ ಎಂಬುದಕ್ಕೆ ಆ ಲೆಕ್ಕ ಮಾಫಿ ಆಗುವುದಿಲ್ಲ.

ಆಣೆ ಯಾವಾಗ ಸಂಕೋಲೆಯಾಗುತ್ತದೆ

ಗೊಲೇರಿಯನ್‌ನ ಡ್ವಾರ್ಫ್‌ಗಳ ಇತಿಹಾಸವೇ ಒಂದು ದೊಡ್ಡ ಹೊಣೆಯಿಂದ ಶುರುವಾಗುತ್ತದೆ. ನೆಲ ನಡುಗಿದ ದಿನ ಮೇಲಕ್ಕೆ ಅಗೆಯಲು ಶುರು ಮಾಡಿ ಎಂದು ಟೋರಾಗ್ ಹೇಳಿದ್ದ. ನೆಲ ನಡುಗಿತು. ಅವರು ಅಗೆದರು. ಒಂದು ತಲೆಮಾರಲ್ಲ, ನೂರಾರು ವರ್ಷ. ಶುರು ಮಾಡಿದ ಎಷ್ಟೋ ಮಂದಿ ಬಿಸಿಲು ಕಾಣದೇ ಸತ್ತರು. ಕೊನೆಗೆ ಮೇಲೆ ಬಂದ ಕಡೆಗಳಲ್ಲಿ ಅವರು ದೊಡ್ಡ ಕೋಟೆಗಳನ್ನು ಕಟ್ಟಿದರು.

ಅದೇ ಲೋಕದಲ್ಲಿ ಡ್ರೋಸ್ಕರ್ ಎಂಬ ಇನ್ನೊಬ್ಬ ಡ್ವಾರ್ಫ್ ದೇವರಿದ್ದಾನೆ. ಮೋಸ, ಗುಲಾಮಗಿರಿ, ಕೊನೆಯಿಲ್ಲದ ದುಡಿತ ಅವನವು. ಮೇಲ್ನೋಟಕ್ಕೆ ಇಬ್ಬರ ಭಕ್ತರೂ ಒಂದೇ ಥರ ಕಾಣುತ್ತಾರೆ. ತಲೆ ಬಗ್ಗಿಸಿ ಕೆಲಸ ಮಾಡುತ್ತಾರೆ, ಎದುರು ಮಾತಾಡುವುದಿಲ್ಲ, ಹೇಳಿದ್ದು ಮಾಡುತ್ತಾರೆ. ಹಾಗಾದರೆ ಕೋಲ್ಸನ ಹೊಣೆಗೂ ಡ್ರೋಸ್ಕರನ ದುಡಿತಕ್ಕೂ ಏನು ಫರಕು?

ಈ ಪ್ರಶ್ನೆಗೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಜನಕ್ಕೆ ಪುಸ್ತಕ ಬೇಡ. ಜೀತ ಅಂದರೆ ಏನು ಅಂತ ನಮ್ಮ ಹಿರಿಯರಿಗೆ ಗೊತ್ತು. ಅಪ್ಪ ಮಗಳ ಮದುವೆಗೋ, ಎತ್ತಿಗೋ ಸಾಲ ತರುತ್ತಾನೆ. ದುಡಿದು ತೀರಿಸುತ್ತೇನೆ ಅಂತ ಮಾತು ಕೊಡುತ್ತಾನೆ. ಸಾಲ ತೀರುವುದಿಲ್ಲ. ಮಗ ದುಡಿಯುತ್ತಾನೆ. ಮೊಮ್ಮಗನೂ ಸಾಹುಕಾರರ ಹೊಲಕ್ಕೇ ಹೋಗುತ್ತಾನೆ. 'ನಿಮ್ಮಪ್ಪ ಮಾತು ಕೊಟ್ಟಿದ್ದ, ಉಪ್ಪುಂಡ ಮನೆಗೆ ಎರಡು ಬಗೆಯಬಾರದು' ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಮಾತು, ಉಪ್ಪು, ನಿಷ್ಠೆ, ಎಲ್ಲ ಒಳ್ಳೆಯ ಪದಗಳೇ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು, ಅಂಥ ಸಾಲಗಳನ್ನೂ ರದ್ದು ಮಾಡಿತು. ಇನ್ನೊಂದು ಇದಕ್ಕಿಂತ ಕಠಿಣ. ಮನೆಯಲ್ಲಿ ಕಾಯಿಲೆ, ಬಡತನ, ಗಂಡು ಮಗು ಇಲ್ಲ ಎಂಬ ಕೊರಗು. ಹಿರಿಯರು ದೇವರಿಗೆ ಹರಕೆ ಹೊರುತ್ತಿದ್ದರು. ಹರಕೆ ತೀರಿಸಲು ಹೆಣ್ಣು ಮಗುವಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಹರಕೆ ಹೊತ್ತವರು ಯಾರೋ, ಬದುಕಿಡೀ ತೀರಿಸಿದವಳು ಆ ಹುಡುಗಿ. ಕರ್ನಾಟಕ 1982ರ ಕಾಯ್ದೆಯಲ್ಲಿ ಇದನ್ನು ಅಪರಾಧ ಎಂದಿತು.

ನನಗೆ ಕೋಲ್ಸ್ ಮತ್ತು ಡ್ರೋಸ್ಕರರ ನಡುವಿನ ಗೆರೆ ಕಾಣುವುದು ಇಲ್ಲಿ. ಒಪ್ಪಿಕೊಳ್ಳಲು ವಯಸ್ಸಾಗದ, ಹುಟ್ಟದೇ ಇರುವ, ಇಲ್ಲ ಅನ್ನಲು ಬಾಯಿ ಇಲ್ಲದ ಒಬ್ಬರನ್ನು ಒತ್ತೆ ಇಟ್ಟು ಮಾಡಿದ ಆಣೆ ಕೋಲ್ಸನ ಕಿವಿಗೆ ಬೀಳುವುದೇ ಇಲ್ಲ. ಅದು ನೇರ ಡ್ರೋಸ್ಕರನ ಕಡೆ ಹೋಗುತ್ತದೆ. ಮೇಲಕ್ಕೆ ಅಗೆದ ಡ್ವಾರ್ಫ್‌ಗಳ ಮಕ್ಕಳೂ ಅಪ್ಪಂದಿರ ಹೊಣೆ ಹೊತ್ತರು, ನಿಜ. ಆದರೆ ಅವರು ಅಗೆದ ಪ್ರತಿ ಅಡಿ ಅವರದ್ದೇ ದಾರಿಯಾಗಿತ್ತು. ಜೀತದವನು ಅಗೆದ ಹೊಲದಲ್ಲಿ ಅವನದ್ದು ಒಂದು ಸಾಲೂ ಇರಲಿಲ್ಲ.

ಈ ಗೆರೆ ಆಟದ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿಲ್ಲ. ನಿಯಮಗಳು ಕೆಲವೊಮ್ಮೆ ಉಲ್ಟಾ ಕಡೆಗೂ ಎಳೆಯುತ್ತವೆ. ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯಲ್ಲಿ ಪ್ರತಿ ದೇವರಿಗೂ ಭಕ್ತರು ಮಾಡಲೇಬೇಕಾದ್ದು, ಮಾಡಲೇಬಾರದ್ದು ಎಂದು ಎರಡು ಪಟ್ಟಿಗಳಿವೆ. ಟೋರಾಗನ ಭಕ್ತರು ಮಾತು ಉಳಿಸಿಕೊಳ್ಳಬೇಕು, ಕುಲುಮೆಯನ್ನು ಗೌರವಿಸಬೇಕು, ತಮ್ಮ ಜನಕ್ಕೆ ದುಡಿಯಬೇಕು. ಸುಳ್ಳು ಹೇಳಬಾರದು. ಬೇಕೆಂದೇ ಕಳಪೆ ಕೆಲಸ ಮಾಡಬಾರದು. ಇಲ್ಲಿಯವರೆಗೆ ಸರಿ, ಅಲ್ವಾ? ಕಳಪೆ ಕೆಲಸವನ್ನು ಸುಳ್ಳಿನ ಪಕ್ಕದಲ್ಲೇ ಇಟ್ಟದ್ದು ನನಗೆ ಬಹಳ ಹಿಡಿಸಿತು. ಕಳಪೆ ಕಂಬ ಅಂದರೆ ಕಲ್ಲಿನಲ್ಲಿ ಹೇಳಿದ ಸುಳ್ಳೇ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ತನ್ನ ಜನರ ಶತ್ರುಗಳಿಗೆ ದಯೆ ತೋರಿಸಬಾರದು. ಶರಣು ಬಂದವನಿಗೆ ಮಾತು ಕೊಟ್ಟಿದ್ದರೆ? ಅವನು ಶತ್ರುವಿನ ಮಗುವಾಗಿದ್ದರೆ? ಇಲ್ಲಿ ಟೋರಾಗನ ನಿಯಮಕ್ಕೂ ಕೋಲ್ಸನ ಕೆಲಸಕ್ಕೂ ಜಗಳ ಹತ್ತುತ್ತದೆ. ಇಬ್ಬರು ಡ್ವಾರ್ಫ್ ಪೂಜಾರಿಗಳು ಒಂದೇ ಗುಂಪಿನಲ್ಲಿದ್ದರೆ ಇಡೀ ಸಂಜೆ ಇದರ ಮೇಲೆಯೇ ಆಡಬಹುದು. ಆಡಿ ನೋಡಿ.

ಇನ್ನೊಂದು ಮಾತು ಪ್ಯಾಲಡಿನ್ (ಆಣೆ ತೊಟ್ಟ ಯೋಧನ ಪಾತ್ರ) ಆಡುವವರಿಗೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ಪ್ಯಾಲಡಿನ್‌ಗೆ ಬಲ ಬರುವುದು ಅವನು ತೊಟ್ಟ ಆಣೆಯಿಂದಲೇ, ದೇವರಿಂದಲೇ ಬರಬೇಕೆಂದಿಲ್ಲ. ಡ್ವಾರ್ಫ್ ಪ್ಯಾಲಡಿನ್ ಆದರೆ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹಾಗಾಗಿ ಅವನ ಆಣೆಯನ್ನು ಹಾಳೆಯ ಮೂಲೆಯಲ್ಲಿ ಗೀಚಿ ಬಿಡಬೇಡಿ.

ನಮ್ಮ ಮೇಜಿನ ಮೇಲೆ

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಬೆಟ್ಟ ಹತ್ತಿದವರಿಗೆ ಗೊತ್ತಿರುತ್ತದೆ. ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಪುಟ್ಟ ಮನೆಗಳಂಥ ರಚನೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಹೆಚ್ಚುಕಮ್ಮಿ ನಾನೂರು ಇವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಸತ್ತವರಿಗಾಗಿ ಕಟ್ಟಿದವು ಎಂದು ಪುರಾತತ್ವದವರು ಹೇಳುತ್ತಾರೆ. ಊರಿನವರು ಅವನ್ನು ಮೋರೇರ ಮನೆ ಅನ್ನುತ್ತಾರೆ. ಮೋರೇರು ಗಿಡ್ಡ ಜನ, ಅವರ ಅಳತೆಗೆ ತಕ್ಕ ಮನೆ ಕಟ್ಟಿಕೊಂಡಿದ್ದರು ಎಂಬ ಕಥೆ ಇದೆ. ಅಲ್ಲೇ ಬಂಡೆಯ ಮೇಲೆ ಒಂದು ಕಲ್ಲಿನ ನಗಾರಿ ಇದೆ. ಬಡಿದರೆ ದೂರದವರೆಗೆ ಕೇಳುತ್ತದೆ.

ನಮ್ಮ ಆಟದಲ್ಲಿ ಡ್ವಾರ್ಫ್‌ಗಳ ಆಣೆಯ ಗುಡಿಯನ್ನು ಇಂಥದೇ ಬೆಟ್ಟದ ಮೇಲೆ ಇಟ್ಟಿದ್ದೇವೆ. ಮೂರ್ತಿ ಇಲ್ಲ, ನಗಾರಿ ಇದೆ. ಆಣೆ ಮಾಡುವವನು ಅದನ್ನು ಕೊನೆಗೆ ಬಡಿಯುತ್ತಾನೆ. ಅವನಿಗಿಂತ ಮುಂಚೆ, ಆ ಆಣೆಗೆ ಬೆಲೆ ಕಟ್ಟಬೇಕಾದವರು ಬಂದು ಬಡಿಯಬೇಕು. ಹೆಂಡತಿ, ತಮ್ಮ, ಜೊತೆ ಕೆಲಸದವರು, ಊರಿನ ಹಿರಿಯರು, ಯಾರ ಬದುಕಿಗೆ ತಾಗುತ್ತದೋ ಅವರು. ಒಬ್ಬರು ಬಡಿಯದಿದ್ದರೂ ಆಣೆ ಹುಟ್ಟುವುದಿಲ್ಲ. ಮಕ್ಕಳು ಬಡಿದದ್ದು ಲೆಕ್ಕಕ್ಕಿಲ್ಲ. ಆಣೆಗೆ ಗಡುವು ಹೇಳಬೇಕು. ಮಾತು ತೆಗೆದುಕೊಂಡವನು ಸತ್ತರೆ ಬಿಡಿಸುವವರು ಯಾರು ಅನ್ನುವುದನ್ನೂ ಅಲ್ಲೇ ಹೇಳಬೇಕು.

ಇದರಿಂದ ಆಟ ನಿಧಾನವಾಗುತ್ತದೆ ಎಂದು ಮೊದಲು ಕೆಲವರು ಗೊಣಗಿದರು. ಈಗ ಡ್ರ್ಯಾಗನ್ ಜೊತೆಗಿನ ಹೊಡೆದಾಟಕ್ಕಿಂತ ಈ ನಗಾರಿಯ ಮುಂದಿನ ವಾದಗಳೇ ಜೋರಾಗಿರುತ್ತವೆ. ನೀವು ಕೋಲ್ಸನ ಪೂಜಾರಿಯಾಗಿ ಆಡಲು ಕೂತಿದ್ದರೆ ನಿಮ್ಮ ಗೇಮ್ ಮಾಸ್ಟರ್ ಹತ್ತಿರ ಮಂತ್ರಗಳ ಪಟ್ಟಿಗಿಂತ ಮೊದಲು ಒಂದು ಖಾಲಿ ಹಾಳೆ ಕೇಳಿ. ನಿಮ್ಮ ಪಾತ್ರದ ಆಣೆಯನ್ನು ಅದರಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಆ ಆಣೆ ನಡೆದರೆ ಯಾರ್ಯಾರಿಗೆ ಏನೇನು ಖರ್ಚಾಗುತ್ತದೆ ಅಂತ ಹೆಸರು ಹಿಡಿದು ಬರೆಯಿರಿ. ಮೊದಲ ದಿನದ ಆಟವನ್ನು ಆ ಹೆಸರುಗಳಲ್ಲಿ ಒಬ್ಬರನ್ನು ಹೋಗಿ ಭೇಟಿ ಮಾಡುವುದರಿಂದ ಶುರು ಮಾಡಿ.